ಒಂದು ಅಲ್ಪವಿರಾಮ ಮಾಡಿದ ಅವಾಂತರ



ವ್ಯಾಕರಣದ ಪರೀಕ್ಷೆಯಲ್ಲಿ ‘ಬಿಡಿಸಿ ಬರೆಯಿರಿ’ ಎಂಬ ಪ್ರಶ್ನೆಗೆ ನೀವೆಲ್ಲರೂ ಉತ್ತರ ಬರೆದಿದ್ದೀರಿ. ‘ಮಳೆಗಾಲ’ ಎಂದರೆ ಮಳೆ + ಕಾಲ. ಪದದಲ್ಲಿರುವುದು ‘ಗಾಲ’, ಆದರೂ ನೀವು ‘ಕಾಲ’ ಎಂದೇ ಬರೆಯುತ್ತೀರಿ. ಏಕೆಂದರೆ ನಿಮಗೆ ಅರ್ಥ ಗೊತ್ತು. ಗಣಕಯಂತ್ರಕ್ಕೂ ದಿನವಿಡೀ ಬಿಡಿಸುವ ಕೆಲಸ ಇದ್ದೇ ಇರುತ್ತದೆ. ಆದರೆ ಅದಕ್ಕೆ ಅರ್ಥ ತಿಳಿಯದು, ಚಿಹ್ನೆ ಮಾತ್ರ ತಿಳಿಯುತ್ತದೆ. ಇದನ್ನು ಮರೆತರೆ ಏನಾಗುತ್ತದೆ ಎಂಬುದನ್ನು ನಾನು ಒಂದು ರಸಪ್ರಶ್ನೆ ಕಾರ್ಯಕ್ರಮ ನಿರ್ಮಿಸುವಾಗ ಕಲಿತೆ. ಆ ಕತೆಗೆ ಮೊದಲು ಮೂಲ ವಿಷಯವನ್ನು ನೋಡೋಣ. ಪರದೆಯ ಮೇಲೆ ಇಂಥ ಸಾಲುಗಳು ಬಂದ ವೇಗದಲ್ಲೇ ಹೋಗಿಬಿಡುತ್ತವೆ. ಪುಟದಲ್ಲಾದರೆ ಬೆರಳಿಟ್ಟು ಓದಬಹುದು.

ಸ್ಟ್ರಿಂಗ್‌ನಿಂದ ಅರೇಗೆ

ಅಕ್ಷರಗಳ ಒಂದು ಸಾಲನ್ನು ಪ್ರೋಗ್ರಾಮಿನ ಭಾಷೆಯಲ್ಲಿ ‘ಸ್ಟ್ರಿಂಗ್’ ಎನ್ನುತ್ತಾರೆ. ಉದಾಹರಣೆಗೆ ಈ ದಿನಸಿ ಚೀಟಿ:

ಅಕ್ಕಿ,ಬೇಳೆ,ಬೆಲ್ಲ,ಉಪ್ಪು

ನಮಗೆ ಇದು ನಾಲ್ಕು ಸಾಮಾನು. ಗಣಕಯಂತ್ರಕ್ಕೆ ಒಂದೇ ಉದ್ದನೆಯ ಸಾಲು. ‘ಎರಡನೆಯ ಸಾಮಾನು ಯಾವುದು?’ ಎಂದು ಕೇಳಬೇಕಾದರೆ ಮೊದಲು ಸಾಲನ್ನು ಕತ್ತರಿಸಿ, ತುಂಡುಗಳನ್ನು ಸಂಖ್ಯೆ ಹಾಕಿದ ಗೂಡುಗಳಲ್ಲಿ ಇಡಬೇಕು. ಆ ಗೂಡುಗಳ ಸಾಲಿಗೆ ‘ಅರೇ’ ಎಂದು ಹೆಸರು. ಪೈಥಾನ್ ಭಾಷೆಯಲ್ಲಿ ಈ ಕೆಲಸಕ್ಕೆ ಬಳಸುವುದನ್ನು ‘ಲಿಸ್ಟ್’ ಎನ್ನುತ್ತಾರೆ. ಕತ್ತರಿಸುವ ಆಜ್ಞೆ ‘ಸ್ಪ್ಲಿಟ್’. ಅದಕ್ಕೆ ಎಲ್ಲಿ ಕತ್ತರಿಸಬೇಕೆಂದು ಒಂದು ಚಿಹ್ನೆಯನ್ನು ಕೊಡಬೇಕು. ಇಲ್ಲಿ ಆ ಚಿಹ್ನೆ ಅಲ್ಪವಿರಾಮ.

ಗಮನಿಸಿ: ಮೂರು ಅಲ್ಪವಿರಾಮಗಳಿಂದ ನಾಲ್ಕು ತುಂಡುಗಳಾದವು. ಚಿಹ್ನೆಗಳಿಗಿಂತ ತುಂಡುಗಳು ಯಾವಾಗಲೂ ಒಂದು ಹೆಚ್ಚು. ಗೂಡುಗಳ ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಅಕ್ಕಿ 0ನೇ ಗೂಡಿನಲ್ಲಿ, ಉಪ್ಪು 3ನೇ ಗೂಡಿನಲ್ಲಿ ಇರುತ್ತದೆ.

ಖಾಲಿ ಗೂಡಿಗೂ ಬೆಲೆಯಿದೆ

‘ಅಕ್ಕಿ,,ಬೆಲ್ಲ’ ಎಂದು ಬರೆದರೆ ಎಷ್ಟು ತುಂಡುಗಳು? ಎರಡಲ್ಲ, ಮೂರು. ನಡುವಿನದು ಖಾಲಿ ತುಂಡು. ಅದನ್ನು ಎಸೆದುಬಿಟ್ಟರೆ ಬೆಲ್ಲ ತನ್ನ ಜಾಗ ಬಿಟ್ಟು ಮುಂದಕ್ಕೆ ಸರಿಯುತ್ತದೆ. ಗೈರುಹಾಜರಾದ ಹುಡುಗನ ಅಂಕದ ಜಾಗ ಖಾಲಿ ಇರಬೇಕೇ ಹೊರತು ಮುಂದಿನ ವಿಷಯದ ಅಂಕ ಅಲ್ಲಿಗೆ ಬರಬಾರದು, ಅಲ್ಲವೇ?

ಎಲ್ಲ ಭಾಷೆಗಳೂ ಇದರಲ್ಲಿ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ‘ರವಿ,ಹಾಸನ,’ ಎಂಬ ಸಾಲನ್ನು ಪೈಥಾನ್ ಮೂರು ತುಂಡು ಮಾಡುತ್ತದೆ. ಜಾವಾ ಭಾಷೆ ಬೇರೆ ಸೂಚನೆ ಇಲ್ಲದಿದ್ದರೆ ಕೊನೆಯ ಖಾಲಿ ತುಂಡನ್ನು ಬಿಟ್ಟು ಎರಡನ್ನೇ ಕೊಡುತ್ತದೆ. ಪೈಥಾನ್‌ನಲ್ಲಿಯೇ ಇನ್ನೊಂದು ವಿಶೇಷವಿದೆ. ಚಿಹ್ನೆ ಕೊಡದೆ ಸ್ಪ್ಲಿಟ್ ಎಂದರೆ ಅದು ಖಾಲಿ ಜಾಗಗಳಲ್ಲಿ ಕತ್ತರಿಸುತ್ತದೆ. ಪದಗಳ ನಡುವೆ ಎಷ್ಟು ಜಾಗ ಬಿಟ್ಟಿದ್ದರೂ ಒಂದೇ ಎಂದು ಎಣಿಸುತ್ತದೆ.

ಮತ್ತೊಂದು ಎಚ್ಚರಿಕೆ. ಕತ್ತರಿಸಿ ಬಂದ ‘45’ ಇನ್ನೂ ಸಂಖ್ಯೆಯಲ್ಲ, ಎರಡು ಅಕ್ಷರಗಳಷ್ಟೇ. ‘45’ಕ್ಕೆ ‘40’ನ್ನು ಕೂಡಿಸಿದರೆ ಪೈಥಾನ್ 85 ಎನ್ನುವುದಿಲ್ಲ, ‘4540’ ಎನ್ನುತ್ತದೆ! ತುಂಡನ್ನು ಸಂಖ್ಯೆಯಾಗಿ ಬದಲಾಯಿಸುವುದು ಬೇರೆಯೇ ಹೆಜ್ಜೆ.

ನಮ್ಮ ರಸಪ್ರಶ್ನೆಯ ಕತೆ

ಈಗ ನಮ್ಮ ಪಟ್ಟಿಗೆ ಬರೋಣ. ಪ್ರಾಥಮಿಕ ಸುತ್ತಿನ ಫಲಿತಾಂಶ ಹೆಸರು, ಊರು, ಅಂಕ ಎಂಬ ಕ್ರಮದಲ್ಲಿ ನಮಗೆ ಬಂದಿತ್ತು. ಪ್ರತಿ ಸಾಲನ್ನೂ ಅಲ್ಪವಿರಾಮದಲ್ಲಿ ಕತ್ತರಿಸಿ, ಮೂರನೆಯ ತುಂಡನ್ನು ಅಂಕವೆಂದು ತೆಗೆದುಕೊಳ್ಳುವ ಪುಟ್ಟ ಪ್ರೋಗ್ರಾಮು ಬರೆದೆವು. ಗೈರುಹಾಜರಾದವರ ಜಾಗದಲ್ಲಿ ಅಂಕ ಇರುವುದಿಲ್ಲವಲ್ಲ? ಆದ್ದರಿಂದ ‘ಸಂಖ್ಯೆಯಲ್ಲದ್ದು ಕಂಡರೆ ಸೊನ್ನೆ ಎಂದು ಎಣಿಸು’ ಎಂದೂ ಸೇರಿಸಿದೆವು. ಒಂದು ಸಾಲು ಹೀಗಿತ್ತು (ಹೆಸರನ್ನು ಬದಲಾಯಿಸಿದ್ದೇನೆ):

ಗೀತಾ,ಸಾಗರ, ಶಿವಮೊಗ್ಗ ಜಿಲ್ಲೆ,92

ಊರಿನೊಂದಿಗೆ ಜಿಲ್ಲೆಯ ಹೆಸರನ್ನೂ ಬರೆದದ್ದು ಅವಳ ತಪ್ಪಲ್ಲ. ಆದರೆ ಮೂರನೆಯ ತುಂಡು ‘ಶಿವಮೊಗ್ಗ ಜಿಲ್ಲೆ’ ಆಯಿತು. ಪ್ರೋಗ್ರಾಮು ಅದನ್ನು ಸೊನ್ನೆ ಎಂದು ಎಣಿಸಿತು. 92 ಅಂಕ ಪಡೆದವಳು ಪಟ್ಟಿಯ ತಳಕ್ಕೆ ಹೋದಳು. ಯಂತ್ರ ತಕರಾರು ಮಾಡಲಿಲ್ಲ, ನಾವೂ ತಿರುಗಿ ನೋಡಲಿಲ್ಲ. ಅವಳ ಉಪಾಧ್ಯಾಯರು ದೂರವಾಣಿ ಮಾಡಿ ವಿಚಾರಿಸಿದಾಗಲೇ ತಪ್ಪು ತಿಳಿದದ್ದು. ಮುಂದಿನ ಕಂತಿಗೆ ಅವಳನ್ನು ಕರೆಸಿದೆವು. ಆದರೆ ಆ ಒಂದು ವಾರ ಅವಳು ಏನೆಂದುಕೊಂಡಿರಬಹುದು ಎಂಬ ಯೋಚನೆ ನನ್ನನ್ನು ಬಹಳ ದಿನ ಕಾಡಿತು.

ಪರಿಹಾರವೇನು?

ಹಳೆಯ ಉಪಾಯವೊಂದಿದೆ: ಒಳಗೆ ಅಲ್ಪವಿರಾಮ ಇರುವ ಭಾಗವನ್ನು ಉದ್ಧರಣ ಚಿಹ್ನೆಗಳ ನಡುವೆ ಇಡುವುದು.

ಗೀತಾ,"ಸಾಗರ, ಶಿವಮೊಗ್ಗ ಜಿಲ್ಲೆ",92

ಸಿಎಸ್‌ವಿ ಎಂಬ ಕಡತಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಈ ಪದ್ಧತಿಯನ್ನು 2005ರಲ್ಲಿ ಆರ್‌ಎಫ್‌ಸಿ 4180 ಎಂಬ ದಾಖಲೆ ವಿವರಿಸಿತು. ಆದರೆ ಸಾದಾ ಸ್ಪ್ಲಿಟ್ ಆಜ್ಞೆಗೆ ಉದ್ಧರಣ ಚಿಹ್ನೆಯ ಗೌರವ ಗೊತ್ತಿಲ್ಲ. ಅದು ಅಲ್ಲಿಯೂ ಕತ್ತರಿಸಿಬಿಡುತ್ತದೆ. ಇಂಥ ಕಡತಗಳಿಗೆಂದೇ ಪೈಥಾನ್‌ನಲ್ಲಿ 2003ರಿಂದ ಸಿಎಸ್‌ವಿ ಎಂಬ ಪ್ರತ್ಯೇಕ ಮಾಡ್ಯೂಲ್ ಇದೆ. ಅದನ್ನೇ ಬಳಸಬೇಕು. 1,25,000 ಎಂದು ನಮ್ಮ ರೀತಿಯಲ್ಲಿ ಬರೆದ ಮೊತ್ತಕ್ಕೂ ಇದೇ ರಕ್ಷಣೆ ಬೇಕು. ಇಲ್ಲದಿದ್ದರೆ ಒಂದೂಕಾಲು ಲಕ್ಷ ಮೂರು ಪಾಲಾಗುತ್ತದೆ!

ಇನ್ನೊಂದು ದಾರಿ, ಮಾತಿನ ನಡುವೆ ಬಾರದ ಚಿಹ್ನೆಯನ್ನು ಆರಿಸುವುದು. ಟ್ಯಾಬ್ ಅಥವಾ ನೇರ ಗೆರೆಯನ್ನು ಹಲವರು ಬಳಸುತ್ತಾರೆ. ಆಸ್ಕಿ ಸಂಕೇತಪಟ್ಟಿಯಲ್ಲಿ 28ರಿಂದ 31ರವರೆಗಿನ ನಾಲ್ಕು ಸಂಕೇತಗಳು ಬೇರ್ಪಡಿಸುವುದಕ್ಕೆಂದೇ ಮೀಸಲಾಗಿವೆ. ಆದರೆ ಅವುಗಳಿಗೆ ಸಾಮಾನ್ಯ ಕೀಲಿಮಣೆಯಲ್ಲಿ ಪ್ರತ್ಯೇಕ ಕೀಲಿ ಇಲ್ಲದ್ದರಿಂದ ಬಳಕೆ ಕಡಿಮೆ.

ಯಾವ ದಾರಿ ಹಿಡಿದರೂ ಕತ್ತರಿಸಿದ ಮೇಲೆ ತುಂಡುಗಳನ್ನು ಎಣಿಸಿ. ಮೂರು ಇರಬೇಕಾದಲ್ಲಿ ನಾಲ್ಕು ಬಂದರೆ ಪ್ರೋಗ್ರಾಮು ಅಲ್ಲೇ ನಿಂತು ಆ ಸಾಲನ್ನು ತೋರಿಸಲಿ. ನಾವು ಈ ಒಂದು ಪರೀಕ್ಷೆ ಮಾಡಿದ್ದರೆ ಗೀತಾಳ ಹೆಸರು ತಳಕ್ಕೆ ಹೋಗುತ್ತಿರಲಿಲ್ಲ. ತಪ್ಪು ಕಂಡು ನಿಲ್ಲುವ ಪ್ರೋಗ್ರಾಮು, ತಪ್ಪನ್ನು ನುಂಗಿ ನಡೆಯುವ ಪ್ರೋಗ್ರಾಮಿಗಿಂತ ಎಷ್ಟೋ ಮೇಲು. ಪಟ್ಟಿಯ ಪ್ರತಿ ಸಾಲಿನ ಹಿಂದೆಯೂ ಒಬ್ಬ ಮನುಷ್ಯ ಇದ್ದಾನೆ ಎಂಬುದು ಯಂತ್ರಕ್ಕೆ ಗೊತ್ತಿಲ್ಲ, ನಮಗೆ ಗೊತ್ತಿರಬೇಕು.

ನೀವೇ ಮಾಡಿ ನೋಡಿ: ‘ಹಾಲು,,ಮೊಸರು,’ ಎಂಬ ಸಾಲನ್ನು ಅಲ್ಪವಿರಾಮದಲ್ಲಿ ಕತ್ತರಿಸಿದರೆ ಪೈಥಾನ್ ಎಷ್ಟು ತುಂಡು ಕೊಡುತ್ತದೆ, ಜಾವಾ ಎಷ್ಟು? ಮೊದಲು ಕಾಗದದ ಮೇಲೆ ಉತ್ತರ ಬರೆಯಿರಿ, ಆಮೇಲೆ ಯಂತ್ರವನ್ನು ಕೇಳಿ. (ಉತ್ತರ: ಪೈಥಾನ್ ನಾಲ್ಕು, ಜಾವಾ ಮೂರು.)