ಅಂಕಿತವಿಲ್ಲದ ಗಾಜು: ‘ಕಾರ್ನಿವಲ್’ ಪಾತ್ರೆಗಳ ಕರ್ತೃನಿರ್ಣಯ

ಹಳೆಯ ಗಾಜಿನ ಪಾತ್ರೆಗಳನ್ನು ಸಂಗ್ರಹಿಸುವವರಿಗೆ ಎದುರಾಗುವ ಮೊದಲ ಪ್ರಶ್ನೆ, ಇದನ್ನು ಮಾಡಿದವರಾರು ಎಂಬುದು. ಅಂಕಿತವೊಂದನ್ನೇ ನೆಚ್ಚಿ ವಚನದ ಕರ್ತೃವನ್ನು ನಿರ್ಣಯಿಸುವುದು ಸಾಧುವಲ್ಲವೆಂಬುದನ್ನು ಕನ್ನಡದ ವಿದ್ಯಾರ್ಥಿಗಳು ಬಲ್ಲರು. ಗಾಜಿನ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಇಲ್ಲಿ ಅನೇಕ ಪಾತ್ರೆಗಳಿಗೆ ಅಂಕಿತವೇ ಇಲ್ಲ. ಇದಕ್ಕೆ ನಿದರ್ಶನವಾಗಿ ಅಮೆರಿಕದ ‘ಕಾರ್ನಿವಲ್’ ಗಾಜನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಪಶ್ಚಿಮ ವರ್ಜೀನಿಯದ ವಿಲಿಯಮ್ಸ್‌ಟೌನಿನ ಫೆಂಟನ್ ಕಾರ್ಖಾನೆ 1907ರಲ್ಲಿ ಈ ಬಗೆಯ ಗಾಜನ್ನು ಮಾರಾಟಕ್ಕೆ ತಂದಿತು. ನಾರ್ತ್‌ವುಡ್, ಇಂಪೀರಿಯಲ್, ಡುಗನ್ ಮೊದಲಾದ ಸಂಸ್ಥೆಗಳು ಬೇಗನೆ ಅದನ್ನು ಅನುಸರಿಸಿದವು. ಕರಗಿದ ಗಾಜನ್ನು ಕಬ್ಬಿಣದ ಅಚ್ಚಿನಲ್ಲಿ ಒತ್ತಿ, ಬಿಸಿಯಾರುವ ಮುನ್ನ ಲೋಹಲವಣಗಳ ದ್ರಾವಣವನ್ನು ಸಿಂಪಡಿಸಿದರೆ ಮೇಲ್ಮೈಯಲ್ಲಿ ಅತಿ ತೆಳುವಾದ ಪೊರೆ ಕೂಡುತ್ತದೆ. ನೀರಿನ ಮೇಲಣ ಎಣ್ಣೆಯಂತೆ ಅದು ಹಲವು ಬಣ್ಣಗಳಿಂದ ಹೊಳೆಯುತ್ತದೆ. ಟಿಫನಿಯ ದುಬಾರಿ ಗಾಜಿನ ಸೊಬಗು ಹೀಗೆ ಸಾಧಾರಣ ಸಂಸಾರಗಳಿಗೂ ಎಟುಕಿತು. ಬಿಸಿಯಿರುವಾಗಲೇ ಕೆಲಸಗಾರನು ಅಂಚನ್ನು ಮಡಿಸಿಯೋ ಚಪ್ಪಟೆಗೊಳಿಸಿಯೋ ಒಂದೇ ಅಚ್ಚಿನಿಂದ ಬಟ್ಟಲು, ತಟ್ಟೆ ಎರಡನ್ನೂ ತೆಗೆಯುತ್ತಿದ್ದನು. ಆದುದರಿಂದ ಆಕಾರವನ್ನು ನೋಡಿ ಮೂಲವನ್ನು ಹೇಳಲು ಬಾರದು.

ಚಿಹ್ನೆಯಾದರೂ ನೆರವಾಗುವುದೇ? ನಾರ್ತ್‌ವುಡ್ ಸಂಸ್ಥೆ ವೃತ್ತದೊಳಗೆ ಅಡಿಗೆರೆಯುಳ್ಳ ‘ಎನ್’ ಅಕ್ಷರವನ್ನು ಒತ್ತುತ್ತಿತ್ತು. ಆದರೆ ಎಲ್ಲಕ್ಕೂ ಅಲ್ಲ. ಫೆಂಟನ್ ತನ್ನ ಕಾರ್ನಿವಲ್ ಗಾಜಿಗೆ ಹೆಸರೊತ್ತಲು ತೊಡಗಿದ್ದು 1970ರಲ್ಲಿ. ವಿನ್ಯಾಸವೂ ನಿರ್ಣಾಯಕವಲ್ಲ. ದ್ರಾಕ್ಷಿಗೊಂಚಲೂ ಹುರಿಯ ಅಂಚೂ ಇರುವ ಒಂದು ಪ್ರಸಿದ್ಧ ವಿನ್ಯಾಸವನ್ನು ನಾರ್ತ್‌ವುಡ್, ಫೆಂಟನ್ ಇಬ್ಬರೂ ತಯಾರಿಸಿದರು. ಇದಲ್ಲದೆ 1960ರ ದಶಕದಲ್ಲಿ ಇಂಪೀರಿಯಲ್ ತನ್ನ ಹಳೆಯ ಅಚ್ಚುಗಳಿಂದಲೇ ಹೊಸ ಪಾತ್ರೆಗಳನ್ನು ತೆಗೆಯಿತು. ಅಚ್ಚಿನ ವಯಸ್ಸು ಪಾತ್ರೆಯ ವಯಸ್ಸಲ್ಲ!

ಹೀಗಾಗಿ ಸಂಗ್ರಾಹಕರು ಹೊರಗಿನ ಸಾಕ್ಷ್ಯಗಳನ್ನು ಅರಸಬೇಕಾಯಿತು. ಅವುಗಳಲ್ಲಿ ಬಟ್ಲರ್ ಸೋದರರ ಸಗಟು ಬೆಲೆಪಟ್ಟಿಗಳು ಮುಖ್ಯವಾದವು. ಅವುಗಳಲ್ಲಿ ತಯಾರಕನ ಹೆಸರು ಸಾಮಾನ್ಯವಾಗಿ ಕಾಣದು. ಆದರೆ ಒಂದು ಪೀಪಾಯಿಯಲ್ಲಿ ತುಂಬಿ ಕಳುಹಿಸುತ್ತಿದ್ದ ಪಾತ್ರೆಗಳೆಲ್ಲ ಸಾಮಾನ್ಯವಾಗಿ ಒಂದೇ ಕಾರ್ಖಾನೆಯವು. ಚಿತ್ರದಲ್ಲಿರುವ ಒಂದರ ಮೂಲ ತಿಳಿದರೆ ಅದರ ಒಡನಾಡಿಗಳ ಮೂಲವನ್ನೂ ಊಹಿಸಬಹುದು.

ಇದಕ್ಕಿಂತ ಬಲವಾದ ಪ್ರಮಾಣ ಮಣ್ಣಿನಿಂದ ಬಂದಿತು. ಪೆನ್ಸಿಲ್ವೇನಿಯದ ಇಂಡಿಯಾನ ಎಂಬ ಊರಿನ ಕಾರ್ಖಾನೆಯನ್ನು ಮೊದಲು ಹ್ಯಾರಿ ನಾರ್ತ್‌ವುಡ್ ನಡೆಸಿದ್ದನು. 1904ರಿಂದ ಅವನ ಬಂಧು ಥಾಮಸ್ ಡುಗನ್ ನಡೆಸಿದನು. 1913ರಲ್ಲಿ ಅದಕ್ಕೆ ಡೈಮಂಡ್ ಎಂಬ ಹೆಸರಾಯಿತು. 1931ರಲ್ಲಿ ಬೆಂಕಿಗೆ ಆಹುತಿಯಾಯಿತು. ಖ್ಯಾತಿಯ ಬಲದಿಂದ ನಾರ್ತ್‌ವುಡ್ಡನ ಲೆಕ್ಕಕ್ಕೆ ಸೇರಿಹೋಗಿದ್ದ ಹಲವು ವಿನ್ಯಾಸಗಳು ಡುಗನ್ನನವೆಂಬುದು ಆ ಸ್ಥಳದಲ್ಲಿ ಅಗೆದು ತೆಗೆದ ಗಾಜಿನ ಚೂರುಗಳಿಂದ ಸ್ಪಷ್ಟವಾಯಿತು. ಕೀರ್ತಿವಂತನ ಹೆಸರಿಗೆ ಅನ್ಯರ ಕೃತಿಗಳು ಸೇರುವುದು ಸಾಹಿತ್ಯಚರಿತ್ರೆಗೆ ಮಾತ್ರ ಮೀಸಲಲ್ಲವೆಂದು ತೋರುತ್ತದೆ.

ನಮ್ಮ ದೇಶದಲ್ಲಿಯೂ ಈ ಬಗೆಯ ಗಾಜು ತಯಾರಾಗಿತ್ತು. ಫಿರೋಜಾಬಾದಿನ ಜೈನ್ ಕಾರ್ಖಾನೆಯ ಹೂದಾನಿಗಳಲ್ಲಿ ಕೆಲವು, ಆನೆಯ ಮತ್ತು ಮೀನಿನ ರೂಪಗಳುಳ್ಳವು, ಸಂಗ್ರಾಹಕರಿಗೆ ಪರಿಚಿತವಾಗಿವೆ. ‘ಜೈನ್’ ಎಂಬ ಅಚ್ಚಿನ ಅಕ್ಷರಗಳಿರುವಲ್ಲಿ ಸಂಶಯವಿಲ್ಲ. ಹೆಸರಿಲ್ಲದವುಗಳ ವಿಷಯದಲ್ಲಿ ಮೇಲಣ ವಿಧಾನಗಳನ್ನೇ ಅನುಸರಿಸಬೇಕು. ಆದರೆ ಗಾಜಿನ ಕಾರ್ಖಾನೆಗಳಲ್ಲಿ ಒಡೆದ ಚೂರುಗಳನ್ನು ಮತ್ತೆ ಕುಲುಮೆಗೆ ಹಾಕಿ ಕರಗಿಸುವುದು ವಾಡಿಕೆ. ಬೆಲೆಪಟ್ಟಿಗಳನ್ನೂ ಹಳೆಯ ಅಚ್ಚುಗಳನ್ನೂ ಈಗಲೇ ಹುಡುಕಿ ದಾಖಲಿಸದಿದ್ದರೆ ಹೊರಗಿನ ಸಾಕ್ಷ್ಯ ಉಳಿಯಲಾರದು.