ಹಾಡುಗಾರನ ಹೆಸರಿಗೆ ವಿಕಿಪೀಡಿಯ ಪುಟ ಯಾವಾಗ?

ನಮ್ಮ ಕೆ.ಆರ್. ನಗರದ ಕಡೆಯ ಹೊಸ ಅಗ್ರಹಾರದ ಸುತ್ತಮುತ್ತ ಹಬ್ಬ, ಜಾತ್ರೆ ಬಂತೆಂದರೆ ಮೈಕ್ ಹಿಡಿಯುವ ಹೊಸ ಹುಡುಗರಿಗೆ ಬರವಿಲ್ಲ. ಅವರಲ್ಲೊಬ್ಬನ ಹಾಡನ್ನು ಯೂಟ್ಯೂಬಿನಲ್ಲಿ ಲಕ್ಷ ಜನ ನೋಡಿದರು ಅಂದುಕೊಳ್ಳಿ. ‘ವಿಕಿಪೀಡಿಯದಲ್ಲಿ ನಿನ್ನದೊಂದು ಪುಟ ಮಾಡೋಣ ಕಣೋ’ ಎಂದು ಗೆಳೆಯರು ಕೂರುತ್ತಾರೆ. ಹಾಕಿದ ಪುಟ ನಾಲ್ಕು ದಿನ ನಿಲ್ಲುವುದಿಲ್ಲ. ಹುಡುಗನಿಗೆ ಹಾಡನ್ನೇ ಅಲ್ಲಗಳೆದಷ್ಟು ನೋವು.

ಹಾಡನ್ನು ಅಲ್ಲಿ ಯಾರೂ ತೂಗುವುದಿಲ್ಲ. ಆಕಾಶವಾಣಿಯಲ್ಲಾದರೆ ಧ್ವನಿಪರೀಕ್ಷೆ ಉಂಟು; ಬಲ್ಲವರು ಕೇಳಿ ಶ್ರೇಣಿ ಕೊಡುತ್ತಾರೆ. ವಿಕಿಪೀಡಿಯ ಕೇಳುವುದು ಬೇರೆ: ಹಾಡುಗಾರನಿಗೆ ಸಂಬಂಧಪಡದ, ನಂಬಬಹುದಾದ ಪತ್ರಿಕೆ, ಪುಸ್ತಕಗಳು ಅವನ ಬಗ್ಗೆ ವಿವರವಾಗಿ ಬರೆದಿವೆಯೇ? ಲಕ್ಷ ವೀಕ್ಷಣೆ, ದುಡ್ಡು ಕೊಟ್ಟು ಹಾಕಿಸಿದ ಲೇಖನ ಲೆಕ್ಕಕ್ಕೆ ಬರುವುದಿಲ್ಲ. ಇಂಗ್ಲಿಷ್ ವಿಕಿಪೀಡಿಯದ ನಿಯಮದಲ್ಲಿ ದೊಡ್ಡ ಪ್ರಶಸ್ತಿ, ಪ್ರಮುಖ ಕಂಪನಿಯಿಂದ ಬಂದ ಎರಡು ಆಲ್ಬಂಗಳಂಥ ಆಧಾರಗಳಿಗೂ ಬೆಲೆಯಿದೆ.

ನಿಯಮ ಸರಿಯಾದದ್ದೇ. ಯಾರು ಬೇಕಾದರೂ ತಿದ್ದಬಹುದಾದ ಕಡೆ ಆಧಾರವಿಲ್ಲದೆ ಬದುಕಿರುವವರ ಬಗ್ಗೆ ಬರೆಯಬಾರದು. ಆದರೆ ಸುದ್ದಿ ಬರೆಯುವವರ ಕಣ್ಣಿಗೆ ಬೀಳದವರು ಇಲ್ಲಿಯೂ ಹೊರಗುಳಿಯುತ್ತಾರೆ. ವಿಜ್ಞಾನಿ ಡೋನಾ ಸ್ಟ್ರಿಕ್‌ಲ್ಯಾಂಡ್ ಅವರ ಕುರಿತ ಕರಡನ್ನು 2018ರ ಮೇ ತಿಂಗಳಲ್ಲಿ ಆಧಾರ ಸಾಲದೆಂದು ತಿರಸ್ಕರಿಸಿದ್ದರು. ಅಕ್ಟೋಬರಿನಲ್ಲಿ ಅವರಿಗೆ ನೊಬೆಲ್ ಬಂತು.

ನಮ್ಮ ಕಡೆಗೆ ಬನ್ನಿ. ಕೆ.ಆರ್. ನಗರದ ಕಡೆ ಕಾವೇರಿ ದಡದಲ್ಲಿ ಕಪ್ಪಡಿ ಕ್ಷೇತ್ರವಿದೆ, ಸಂತ ಮಂಟೇಸ್ವಾಮಿಯ ಶಿಷ್ಯ ರಾಚಪ್ಪಾಜಿಯದು. ತಂಬೂರಿ ಮೀಟುತ್ತಾ ಗಗ್ಗರ ಆಡಿಸುತ್ತಾ ಮಂಟೇಸ್ವಾಮಿ ಕತೆಯನ್ನು ಬೆಳಗಿನವರೆಗೆ ಬಾಯಲ್ಲೇ ಕಟ್ಟಿ ಹಾಡುವ ನೀಲಗಾರರು ಈ ಸೀಮೆಯವರು. ಇವರು ಹಾಡಿದ ಕಾರ್ಯಕ್ರಮದ ಪತ್ರಿಕಾ ವರದಿ ಓದಿ ನೋಡಿ: ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಸ್ವಾಗತಿಸಿದವರು, ವಂದಿಸಿದವರು ಎಲ್ಲರ ಹೆಸರೂ ಇರುತ್ತದೆ. ಕೊನೆಗೆ ‘ಕಲಾವಿದರು ಜನಪದ ಗೀತೆ ಹಾಡಿ ರಂಜಿಸಿದರು’. ರಾತ್ರಿಯೆಲ್ಲ ಹಾಡಿದವನಿಗೆ ಹೆಸರೇ ಇಲ್ಲ! ಈ ವಾಕ್ಯ ಹಿಡಿದು ಯಾರೂ ಪುಟ ಬರೆಯಲಾರರು.

ಹುಡುಗನ ಪುಟಕ್ಕೆ ಅವಸರ ಬೇಡ ಎಂದೇ ನನ್ನ ಅಭಿಪ್ರಾಯ. ಅವನು ಹಾಡಲಿ, ಅವನ ಬಗ್ಗೆ ಬಂದ ಬರಹಗಳನ್ನು ಗೆಳೆಯರು ತಾರೀಖು ಸಮೇತ ಎತ್ತಿಡಲಿ. ಪುಟವನ್ನು ಅವನ ನಂಟಿಲ್ಲದವರು ಬರೆಯಲಿ. ತಾಲ್ಲೂಕಿನ ವರದಿಗಾರರಲ್ಲಿ ಒಂದು ವಿನಂತಿ: ಮುಂದಿನ ಜಾತ್ರೆಯಲ್ಲಿ ಹಾಡುಗಾರರನ್ನು ಮಾತನಾಡಿಸಿ. ಅವರ ಹೆಸರು, ಊರು, ಗುರು, ಹಾಡಿದ ಕತೆ ಇಷ್ಟನ್ನಾದರೂ ಬರೆಯಿರಿ.