ಎರಡನೆಯ ಆಟಗಾರನ ವಿಮಾನ

ಕೃಷ್ಣೆಯೂ ಮಲಪ್ರಭೆಯೂ ಕೂಡುವ ನಮ್ಮ ಕೂಡಲಸಂಗಮದಲ್ಲಿ, ಬೇಸಗೆಯ ಮಧ್ಯಾಹ್ನ ಬಿಸಿಲಿಗೆ ಹೆದರಿ ಹೊಳೆಯ ಕಡೆಗೆ ಹೋಗಲಾರದೆ ಮನೆಯೊಳಗೇ ಉಳಿಯುತ್ತಿದ್ದ ನಮ್ಮಂಥ ಮಕ್ಕಳಿಗೆ, 1990ರ ದಶಕದಲ್ಲಿ, ಟೀವಿಗೆ ಜೋಡಿಸುವ ವಿಡಿಯೋ ಗೇಮು ಹೊಸ ಲೋಕವೊಂದನ್ನೇ ತೆರೆದಿತ್ತು. ನಮ್ಮ ಹಳದಿ ಕ್ಯಾಸೆಟ್ಟಿನ ಮೇಲೆ ಲಕ್ಷಾಂತರ ಆಟಗಳುಂಟೆಂದು ಅಚ್ಚಾಗಿದ್ದರೂ ಒಳಗಿದ್ದವು ಬೆರಳೆಣಿಕೆಯವು. ಅವುಗಳಲ್ಲಿ, ಇಬ್ಬರು ಏಕಕಾಲದಲ್ಲಿ ಆಕಾಶನೌಕೆಗಳನ್ನು ನಡೆಸಿ ಶತ್ರುಗಳನ್ನು ಹೊಡೆದುರುಳಿಸುವ ಆಟವೊಂದಿತ್ತು. ಮೊದಲನೆಯ ರಿಮೋಟು ನನ್ನದು, ಎರಡನೆಯದು ತಮ್ಮನದು. “ಅಣ್ಣಾ, ನನ್ನ ವಿಮಾನ ಎಲ್ಲಿ ಹೋತು?” ಎಂದು ಅವನು ಕೂಗಿದಾಗಲೆಲ್ಲ, “ನಿನಗ ಆಡಾಕ ಬರಂಗಿಲ್ಲ” ಎಂದು ಗದರಿಸುತ್ತಿದ್ದೆ. ಆ ಮಾತು ಎಷ್ಟು ಅನ್ಯಾಯದ್ದೆಂಬುದು, ವರ್ಷಗಳ ತರುವಾಯ ಆ ಯಂತ್ರದ ಅಂತರಂಗವನ್ನು ಓದಿ ತಿಳಿದ ಮೇಲೆ ಮನವರಿಕೆಯಾಯಿತು.

ಅಂದು ನಮ್ಮ ಅಂಗಡಿಗಳಿಗೆ ಬರುತ್ತಿದ್ದ ಅಂಥ ಯಂತ್ರಗಳಲ್ಲಿ ಬಹುಪಾಲು, ಜಪಾನಿನ ನಿಂಟೆಂಡೊ ಸಂಸ್ಥೆಯು 1983ರ ಜುಲೈ ತಿಂಗಳಲ್ಲಿ ಹೊರತಂದ ಫ್ಯಾಮಿಕಾಮ್‌ನ ಅನುಕರಣಗಳು. ಅದರ ಕೆಲಸದ ಸ್ಮೃತಿಕೋಶ ಕೇವಲ 2 ಕಿಲೋಬೈಟು. ಪರದೆಯ ಮೇಲೆ ಸ್ವತಂತ್ರವಾಗಿ ಚಲಿಸುವ ರೂಪಗಳನ್ನು ಸ್ಪ್ರೈಟ್ ಎಂಬ, 8 ಚುಕ್ಕೆ ಅಗಲದ ತುಣುಕುಗಳಿಂದ ಕಟ್ಟಬೇಕು. ಇಡೀ ಪರದೆಗೆ ಅಂಥವು 64, ಆದರೆ ಒಂದು ಅಡ್ಡಗೆರೆಯಲ್ಲಿ 8ಕ್ಕಿಂತ ಹೆಚ್ಚು ಮೂಡಲಾರವು. ಯಂತ್ರವು ಈ ತುಣುಕುಗಳ ಪಟ್ಟಿಯನ್ನು ಮೊದಲಿನಿಂದ ಓದುತ್ತ, ಆ ಗೆರೆಗೆ ಸೇರಿದ ಎಂಟು ದೊರೆತೊಡನೆ ಮಿಕ್ಕವನ್ನು ಕೈಬಿಡುತ್ತದೆ. 16 ಚುಕ್ಕೆ ಅಗಲದ ನೌಕೆಗೆ ಎರಡು ತುಣುಕು. ಇಬ್ಬರೂ ಪರದೆಯ ತಳದಲ್ಲಿ ಸಮಸಮನಾಗಿ ನಿಂತರೆ ನಾಲ್ಕು ಮುಗಿದವು. ಅದೇ ಸಾಲಿಗೆ ಅಷ್ಟೇ ಗಾತ್ರದ ಎರಡು ಶತ್ರುನೌಕೆಗಳು ಇಳಿದರೆ ಎಂಟೂ ಭರ್ತಿ. ಒಂಬತ್ತನೆಯದಾಗಿ ಬಂದ ಗುಂಡು ಕಣ್ಣಿಗೆ ಕಾಣದು. ಆದರೆ ತಾಗಿತೋ ಇಲ್ಲವೋ ಎಂಬ ಲೆಕ್ಕ ಬೇರೆಯಾಗಿಯೇ ನಡೆಯುವುದರಿಂದ, ಕಾಣದ ಗುಂಡೂ ಕೊಲ್ಲುತ್ತದೆ.

ಆಟವನ್ನು ಕಟ್ಟುವವರಲ್ಲಿ ಈ ಮಿತಿಯನ್ನು ಬಲ್ಲ ಕುಶಲಿಯು ಸೆಕೆಂಡಿಗೆ ಹತ್ತಾರು ಬಾರಿ, ಚಿತ್ರ ಬದಲಾದಂತೆಲ್ಲ, ಪಟ್ಟಿಯ ಕ್ರಮವನ್ನೂ ಬದಲಿಸುತ್ತಾನೆ; ಆಗ ಯಾವುದೂ ಸಂಪೂರ್ಣವಾಗಿ ಮರೆಯಾಗದೆ, ನಷ್ಟವನ್ನು ಎಲ್ಲರೂ ಹಂಚಿಕೊಂಡಂತೆ, ಎಲ್ಲವೂ ತುಸು ತುಸು ಮಿನುಗುತ್ತವೆ. ಉದಾಸೀನನಾದವನೋ, ಮೊದಲನೆಯ ಆಟಗಾರನನ್ನು ಪಟ್ಟಿಯ ತಲೆಯಲ್ಲಿಯೂ ಎರಡನೆಯವನನ್ನು ಬಾಲದಲ್ಲಿಯೂ ಇರಿಸಿ ಸುಮ್ಮನಾಗುತ್ತಾನೆ. ನನ್ನ ತಮ್ಮನ ವಿಮಾನ ಹೋದದ್ದು ಹೀಗೆಯೇ ಎಂದು ನನ್ನ ನಂಬಿಕೆ. ಮೂಲ ಫ್ಯಾಮಿಕಾಮ್‌ನ ಎರಡನೆಯ ರಿಮೋಟಿನಲ್ಲಂತೂ ಆಟವನ್ನು ಆರಂಭಿಸುವ ಗುಂಡಿಯೇ ಇರಲಿಲ್ಲ. ಆರಂಭಕ್ಕೂ ವಿರಾಮಕ್ಕೂ ಅಣ್ಣನನ್ನೇ ಕೇಳಬೇಕು.

ಇಲ್ಲಿಗೆ ಸಮೀಪದ ಇಳಕಲ್ಲಿನಲ್ಲಿ ನೇಕಾರರು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಎಳೆಯೆಳೆಯಾಗಿ ಕೂಡಿಸುತ್ತಾರೆ. ಒಡಲು ಹತ್ತಿಯದು, ಸೆರಗು ರೇಷ್ಮೆಯದು ಎಂದು ಯಾವ ಎಳೆಯನ್ನೂ ಬಿಡುವಂತಿಲ್ಲ. ಇಬ್ಬರಾಡುವ ಆಟವನ್ನು ಕಟ್ಟುವವನಿಗೂ ಅಂಥ ಶ್ರದ್ಧೆ ಬೇಕು. ಯಂತ್ರದ ಬಡತನ ನೆಪವಾಗಲಾರದು. ಏಕೆಂದರೆ ಕೊನಾಮಿ ಸಂಸ್ಥೆಯ ಟ್ವಿನ್‌ಬೀ ಎಂಬ ಆಟ 1986ರಲ್ಲಿ ಬಂದದ್ದು ಅದೇ ಫ್ಯಾಮಿಕಾಮ್‌ಗೆ, ಅದೇ ಎಂಟರ ಕಟ್ಟಳೆಯೊಳಗೆ. ಅದರಲ್ಲಿ ಇಬ್ಬರು ಆಟಗಾರರ ನೌಕೆಗಳು ಪಕ್ಕಪಕ್ಕಕ್ಕೆ ಬಂದು ಕೈ ಕೈ ಹಿಡಿದರೆ, ಒಬ್ಬೊಬ್ಬರಿಗೆ ಅಸಾಧ್ಯವಾದ ಬಲವುಳ್ಳ ಗುಂಡು ಹೊರಡುತ್ತದೆ.

ಆ ಆಟ ನಮ್ಮ ಹಳದಿ ಕ್ಯಾಸೆಟ್ಟಿನಲ್ಲಿರಲಿಲ್ಲ.